ಮತವಿಲ್ಲದಿದ್ದರೆ ಸುದ್ದಿಯೂ ಬೇಡವೆ?

ನಾವು ಡೊಂಬಿವಲಿಯಲ್ಲಿ ಬಾಡಿಗೆ ಮನೆಯವರು. ಮಾಲಕರು ಪುಣೆಯಲ್ಲಿದ್ದಾರೆ. ಸೊಸೈಟಿಯ ಪುಸ್ತಕದಲ್ಲಿ ಅವರ ಹೆಸರಿದೆ, ನಮ್ಮದಿಲ್ಲ. ವಾರ್ಷಿಕ ಸಭೆಯಲ್ಲಿ ಅವರಿಗೆ ಮತವಿದೆ, ನಮಗಿಲ್ಲ. ಇದರಲ್ಲಿ ಅನ್ಯಾಯವೇನೂ ಇಲ್ಲ. ಕಾಗದದಲ್ಲಿ ಯಾರ ಹೆಸರಿದೆಯೋ ಅವರದೇ ಹಕ್ಕು ಎಂಬುದನ್ನು ಸರ್ಕಾರಿ ಕಚೇರಿಯ ಗುಮಾಸ್ತರಾದ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ 2020ರ ಬೇಸಗೆಯಲ್ಲಿ ಒಂದು ಸಂಗತಿ ನಡೆಯಿತು. ನಮ್ಮ ಕಟ್ಟಡದ ಎರಡನೆಯ ಮಾಳಿಗೆಯ ಮನೆಯೊಂದರಲ್ಲಿ ಕೊರೋನಾ ಕಾಣಿಸಿಕೊಂಡಿತು. ಸೊಸೈಟಿಯವರು ಕೂಡಲೆ ಮೊಬೈಲಿನಲ್ಲಿ ಸೂಚನೆ ಕಳುಹಿಸಿದರು, ಆದರೆ ಸದಸ್ಯರಿಗೆ ಮಾತ್ರ. ಪುಣೆಯಲ್ಲಿದ್ದ ಮಾಲಕರಿಗೆ ಬೆಳಗಿನ ಚಹದ ಹೊತ್ತಿಗೇ ಸುದ್ದಿ ಮುಟ್ಟಿತು. ಮೂರನೆಯ ಮಾಳಿಗೆಯಲ್ಲಿದ್ದ ನಮಗೆ ಸಂಜೆ ಹಾಲಿನವನಿಂದ ತಿಳಿಯಿತು. ಅಷ್ಟರೊಳಗೆ ಎಪ್ಪತ್ತು ದಾಟಿದ ನಮ್ಮ ತಾಯಿಯವರು ಎರಡು ಸಲ ಲಿಫ್ಟಿನಲ್ಲಿ ಇಳಿದು ಹತ್ತಿ ಬಂದಿದ್ದರು. ದೇವರ ದಯೆಯಿಂದ ಏನೂ ಆಗಲಿಲ್ಲ. ಆದರೆ ಮುಂದಿನ ಹದಿನಾಲ್ಕು ದಿನ ಅವರು ಒಮ್ಮೆ ಕೆಮ್ಮಿದರೂ ಮನೆಯವರೆಲ್ಲರ ಎದೆ ಧಸಕ್ಕೆನ್ನುತ್ತಿತ್ತು.

ಸೊಸೈಟಿಯ ಕಾರ್ಯದರ್ಶಿಗಳು ವಯಸ್ಸಾದ ಮರಾಠಿ ಗೃಹಸ್ಥರು. ಸಂಗತಿ ತಿಳಿದು ತಾವಾಗಿಯೇ ಬಂದು, ಬಾಗಿಲಾಚೆ ನಿಂತು ನೊಂದುಕೊಂಡರು. "ಮತ ಮಾಲಕರದು, ಸುದ್ದಿ ಎಲ್ಲರದು" ಎಂದರು. ಮರುದಿನವೇ ಬಾಡಿಗೆಯವರ ಹೆಸರುಗಳ ಇನ್ನೊಂದು ಪಟ್ಟಿ ಸಿದ್ಧವಾಯಿತು. ಆ ಪಟ್ಟಿಯನ್ನು ತೋರಿಸಿ ಮನೆ ತನ್ನದೆಂದು ಯಾವ ಬಾಡಿಗೆಯವನೂ ಈವರೆಗೆ ಹೇಳಿಲ್ಲ.

ಮನೆಯ ಮಾತನ್ನು ಇಷ್ಟು ಬೆಳೆಸಿದ್ದಕ್ಕೆ ಕಾರಣವಿದೆ. ಲೋಕವೆಂಬ ದೊಡ್ಡ ಸೊಸೈಟಿಯಲ್ಲಿಯೂ ಪುಸ್ತಕದಲ್ಲಿ ಹೆಸರಿಲ್ಲದ ಮನೆಯೊಂದಿದೆ. ಅದು ತೈವಾನ್, ಸುಮಾರು 2 ಕೋಟಿ 30 ಲಕ್ಷ ಜನರಿರುವ ದ್ವೀಪ.

ಇದರ ಕತೆಯಲ್ಲಿ ಕನ್ನಡನಾಡಿನವರೊಬ್ಬರು ಬರುತ್ತಾರೆ. 1949ರಲ್ಲಿ ಚೀನದಲ್ಲಿ ಕಮ್ಯುನಿಸ್ಟರು ಗೆದ್ದರು. ಸೋತ ಚಿಯಾಂಗ್ ಕೈ-ಷೇಕರ ಸರ್ಕಾರ ತೈವಾನಿಗೆ ಹೋಗಿ ನೆಲಸಿತು. ಆದರೂ ವಿಶ್ವಸಂಸ್ಥೆಯಲ್ಲಿ ಚೀನದ ಕುರ್ಚಿ ಚಿಯಾಂಗರ ಕೈಯಲ್ಲೇ ಉಳಿಯಿತು. ಆಗ ಬಾಗಿಲಾಚೆ ನಿಂತದ್ದು ಬೀಜಿಂಗ್. ಭಾರತದ ಪ್ರತಿನಿಧಿಯಾಗಿದ್ದವರು ಮಂಗಳೂರು ಕಡೆಯ ಸರ್ ಬೆನಗಲ್ ನರಸಿಂಗ ರಾಯರು. ನಮ್ಮ ಸಂವಿಧಾನದ ರಚನೆಗೆ ಸಲಹೆಗಾರರಾಗಿದ್ದವರೂ ಇವರೇ. 1950ರ ಸೆಪ್ಟೆಂಬರಿನಲ್ಲಿ ಬೀಜಿಂಗಿಗೆ ಕುರ್ಚಿ ಕೊಡಬೇಕೆಂಬ ಭಾರತದ ಠರಾವನ್ನು ಅವರು ಮಹಾಸಭೆಯ ಮುಂದಿಟ್ಟರು. ಪರವಾಗಿ ಬಂದ ಮತಗಳು 16, ವಿರುದ್ಧ 33. ಠರಾವು ಬಿದ್ದುಹೋಯಿತು.

ಇಪ್ಪತ್ತೊಂದು ವರ್ಷ ಕಳೆದು, 1971ರ ಅಕ್ಟೋಬರ್ 25ರಂದು, ಅದೇ ಮಹಾಸಭೆ 76 ಮತಗಳಿಗೆ 35ರಂತೆ ಬೀಜಿಂಗನ್ನು ಒಳಗೆ ಕರೆದು ಚಿಯಾಂಗರ ಪ್ರತಿನಿಧಿಗಳನ್ನು ಹೊರಗೆ ಕಳುಹಿಸಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆಯೇ ಮಾಡಿತು. ಒಳಗಿದ್ದವರು ಹೊರಗಾದರು, ಹೊರಗಿದ್ದವರು ಒಳಗಾದರು. ಆದರೆ ಬಾಗಿಲಾಚೆ ಒಬ್ಬರು ನಿಲ್ಲುವುದು ಮಾತ್ರ ತಪ್ಪಲಿಲ್ಲ.

ನಷ್ಟವೇನು ಎಂದು ವಾಚಕರು ಕೇಳಬಹುದು. 2003ರಲ್ಲಿ ಸಾರ್ಸ್ ಎಂಬ ಶ್ವಾಸರೋಗ ಹಬ್ಬಿತು. ತೈವಾನಿನಲ್ಲಿ ರೋಗ ಕಂಡದ್ದು ಮಾರ್ಚಿಯಲ್ಲಿ. ಆರೋಗ್ಯ ಸಂಸ್ಥೆಯ ತಜ್ಞರು ಅಲ್ಲಿಗೆ ಕಾಲಿಟ್ಟದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ತೈಪೆಯ ಆಸ್ಪತ್ರೆಯೊಂದನ್ನು ರೋಗಿಗಳು, ದಾದಿಯರು, ವೈದ್ಯರ ಸಮೇತ ಬಾಗಿಲು ಹಾಕಿ ಮುಚ್ಚುವ ಪ್ರಸಂಗ ಬಂದಿತ್ತು. ಮುಂದೆ 2009ರಿಂದ 2016ರವರೆಗೆ 'ಚೈನೀಸ್ ತೈಪೆ' ಎಂಬ ಹೆಸರಿನಲ್ಲಿ ತೈವಾನಿನವರನ್ನು ಆರೋಗ್ಯ ಮಹಾಸಭೆಗೆ ವೀಕ್ಷಕರಾಗಿ ಕರೆಯಲಾಯಿತು. ಮತವಿಲ್ಲ, ಕುಳಿತು ಕೇಳಬಹುದು, ನಾಲ್ಕು ಮಾತು ಹೇಳಬಹುದು. 2016ರಲ್ಲಿ ತೈಪೆಯಲ್ಲಿ ಸರ್ಕಾರ ಬದಲಾಯಿತು, ಬೀಜಿಂಗಿನೊಡನೆ ಮನಸ್ತಾಪ ಬೆಳೆಯಿತು. 2017ರಿಂದ ಆ ಕರೆಯೋಲೆ ನಿಂತಿತು. ಕೊರೋನಾ ಬಂದಾಗ ಅವರು ಹೊರಗಿದ್ದರು.

ಆಕಾಶದ ಮಾತೂ ಹಾಗೆಯೇ. ನಮ್ಮ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣ 2025ರಲ್ಲಿ ತೆರೆಯಿತು. ಅಲ್ಲಿಯ ಓಡುದಾರಿಯ ಗುರುತುಗಳಿಂದ ಹಿಡಿದು ವಿಮಾನ ನಡೆಸುವವರ ಮಾತಿನ ರೀತಿಯವರೆಗೆ ಜಗತ್ತಿಗೆಲ್ಲ ಒಂದೇ ಮಾದರಿ ಇರಲೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಯಮಗಳನ್ನು ಮಾಡುತ್ತದೆ. ತೈವಾನಿನ ಸುತ್ತಲ ಆಕಾಶದಲ್ಲಿ ವಿಮಾನಗಳಿಗೆ ದಾರಿ ತೋರಿಸುವವರು ತೈಪೆಯವರು. ಆದರೆ ಆ ಸಂಸ್ಥೆಯ ಅಧಿವೇಶನಕ್ಕೆ ಅವರನ್ನು ಅತಿಥಿಗಳಾಗಿ ಕರೆದದ್ದು 2013ರಲ್ಲಿ, 2016ರಲ್ಲಿ ಕರೆಯಲಿಲ್ಲ.

ಇನ್ನು ಕಡಲು. ಮಲ್ಪೆ, ಕಾರವಾರದ ಮೀನುಗಾರರು ಬಲೆ ಬೀಸುವ ಕಡಲಿನಾಚೆ, ಹಿಂದೂ ಮಹಾಸಾಗರದ ನಡುವೆ, ತೈವಾನಿನ ದೋಣಿಗಳು ಉದ್ದನೆಯ ಗಾಳದ ಹಗ್ಗ ಬಿಟ್ಟು ಟ್ಯೂನಾ ಹಿಡಿಯುತ್ತವೆ. ಆ ಮೀನು ಬರಿದಾಗದಂತೆ ನೋಡಿಕೊಳ್ಳುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗದಲ್ಲಿ ಭಾರತ ಸದಸ್ಯ, ತೈವಾನ್ ಅಲ್ಲ. ಅಲ್ಲಿಯವರು 'ಆಹ್ವಾನಿತ ತಜ್ಞ'ರೆಂದು ಬಂದು ಕೂಡುತ್ತಾರೆ. ಇಷ್ಟು ಹಿಡಿಯುವವರನ್ನು ಬಿಟ್ಟು ಲೆಕ್ಕ ಬರೆದರೆ ಲೆಕ್ಕ ಹೊಂದುವುದಿಲ್ಲ ಎಂಬುದನ್ನು ಕಂಡು ಮಾಡಿಕೊಂಡ ಉಪಾಯವಿದು.

ಇಂಥ ಉಪಾಯಗಳು ಬೇರೆಯೂ ಇವೆ. ಜಾಗತಿಕ ವ್ಯಾಪಾರ ಸಂಸ್ಥೆಯಲ್ಲಿ 2002ರಿಂದ ತೈವಾನ್ ಸದಸ್ಯ. ಆದರೆ ದೇಶವೆಂದು ಅಲ್ಲ, 'ಪ್ರತ್ಯೇಕ ಸುಂಕ ಪ್ರದೇಶ'ವೆಂದು. ಒಲಿಂಪಿಕ್ ಕ್ರೀಡೆಗಳಿಗೆ 1981ರ ಒಪ್ಪಂದದಂತೆ 'ಚೈನೀಸ್ ತೈಪೆ' ಎಂಬ ಹೆಸರಿನಲ್ಲಿ, ಬೇರೊಂದು ಧ್ವಜ ಹಿಡಿದು ಬರುತ್ತದೆ.

ಬೀಜಿಂಗಿನ ಮಾತನ್ನೂ ಕೇಳಬೇಕು. ತೈವಾನ್ ಚೀನದ ಒಂದು ಭಾಗ, ಇಂದು ವೀಕ್ಷಕನ ಬೆಂಚು ಕೊಟ್ಟರೆ ನಾಳೆ ದೇಶದ ಕುರ್ಚಿ ಕೇಳುತ್ತಾರೆ ಎಂಬುದು ಅದರ ವಾದ. ಶಂಕೆ ಇರುವುದು ಸಹಜ. ಆದರೆ ವ್ಯಾಪಾರ ಸಂಸ್ಥೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ, ಒಲಿಂಪಿಕ್ಕಿನಲ್ಲಿ ನಾಲ್ವತ್ತಕ್ಕೂ ಹೆಚ್ಚು ವರ್ಷ ಇಬ್ಬರೂ ಒಂದೇ ಸೂರಿನಡಿ ಕೂಡಿದ್ದಾರೆ. ಅದರಿಂದ ನಕ್ಷೆಯ ಗೆರೆಯೊಂದೂ ಕದಲಿಲ್ಲ.

ನಮ್ಮ ದೇಶ ಬೀಜಿಂಗ್ ಸರ್ಕಾರವನ್ನು 1949ರ ಡಿಸೆಂಬರಿನಲ್ಲಿಯೇ ಮನ್ನಿಸಿತು. ತೈಪೆಯಲ್ಲಿ ನಮಗೆ ರಾಯಭಾರ ಕಚೇರಿಯಿಲ್ಲ. ಆದರೂ 1995ರಿಂದ ಅಲ್ಲಿ 'ಭಾರತ-ತೈಪೆ ಸಂಘ'ವಿದೆ. ವೀಸಾ ಕೊಡುತ್ತದೆ, ವ್ಯಾಪಾರ ನೋಡಿಕೊಳ್ಳುತ್ತದೆ. ತೈಪೆಯವರ ಕೇಂದ್ರಗಳು ದಿಲ್ಲಿ, ಚೆನ್ನೈಗಳಲ್ಲಿ ಮೊದಲೇ ಇದ್ದವು. 2024ರಲ್ಲಿ ಮುಂಬಯಿಯಲ್ಲಿಯೂ ಒಂದು ತೆರೆಯಿತು. ಫಲಕದ ಮೇಲೆ ಏನು ಬರೆಯಬೇಕೆಂಬ ಜಗಳವನ್ನು ಬದಿಗಿಟ್ಟು ಕೆಲಸ ಸಾಗಿಸುವ ಜಾಣತನವಿದು. ವ್ಯಾಪಾರಕ್ಕೆ ಸಲ್ಲುವ ಜಾಣತನ ರೋಗಕ್ಕೆ, ವಿಮಾನಕ್ಕೆ ಏಕೆ ಸಲ್ಲಬಾರದು?

ತೈವಾನ್ ಯಾರದೆಂದು ತೀರ್ಮಾನಿಸುವುದು ನಮ್ಮಂಥ ಗುಮಾಸ್ತರ ಕೆಲಸವಲ್ಲ. ಮನೆಯ ಪುಸ್ತಕದಲ್ಲಿ ಯಾರ ಹೆಸರಿರಬೇಕೆಂಬ ವ್ಯಾಜ್ಯ ಇನ್ನೆಷ್ಟು ವರ್ಷ ನಡೆಯುವುದೋ ನಡೆಯಲಿ. ಅಲ್ಲಿಯವರೆಗೆ ಆ ಮನೆಯಲ್ಲಿಯೂ ಯಾರದೋ ತಾಯಿ ಲಿಫ್ಟಿಗಾಗಿ ಕಾಯುತ್ತಿರುತ್ತಾಳೆ. ಅವಳಿಗೆ ಬೆಳಗಿನ ಸುದ್ದಿ ಬೆಳಗ್ಗೆಯೇ ಮುಟ್ಟಬೇಕು.