ಹದಿನೆಂಟು ತುಂಬಿತು, ಶಾಲೆ ಮುಗಿಯಿತು: ಮುಂದೇನು?

ಆಜರಾ: ಶಾಲೆಗೆ ಹೋಗುವಷ್ಟು ದಿನ ಅಷ್ಟಾಗಿ ಚಿಂತೆ ಇರುವುದಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿ ಕಳಿಸಿದರೆ ಸಂಜೆ ಮಗ ಮನೆ ಸೇರುತ್ತಾನೆ. ಹದಿನೆಂಟು ತುಂಬುತ್ತಲೇ ಆ ಬಾಗಿಲು ಮುಚ್ಚುತ್ತದೆ. ಮೀಸೆ ಬಂದ ಮಗ ಇಡೀ ದಿನ ಕಟ್ಟೆಯ ಮೇಲೆ. ‘ನಾವ್ ಇರೂತನಕ ಖರೆ, ಆಮ್ಯಾಲ ಏನ್ ಮಾಡೂದ್ರಿ?’ ಬುದ್ಧಿಮಾಂದ್ಯ ಮಕ್ಕಳಿರುವ ಗಡಿಭಾಗದ ಕನ್ನಡ ಮನೆಗಳಲ್ಲಿ ಸುತ್ತಿ ಸುತ್ತಿ ಬರುವ ಪ್ರಶ್ನೆ ಇದೇ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿರುವುದು 6ರಿಂದ 18 ವರ್ಷದವರಿಗೆ. ಆ ಬಳಿಕದ ದಾರಿ ಎಂದರೆ ಕೆಲಸ ಕಲಿಸುವ ಕಾರ್ಯಶಾಲೆ. ಜಿಲ್ಲೆಯಲ್ಲಿ ಈ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ಕೊಲ್ಲಾಪುರದ ಚೇತನಾ ಅಪಂಗಮತಿ ವಿಕಾಸ ಸಂಸ್ಥೆಯದು. ಶಾಲೆಯ ಜೊತೆಗೆ ದೊಡ್ಡವರಿಗಾಗಿ ಕಾರ್ಯಶಾಲೆಯನ್ನೂ ಅದು ನಡೆಸುತ್ತದೆ. ಆದರೆ ಆಜರಾದಿಂದ ಕೊಲ್ಲಾಪುರಕ್ಕೆ ದಿನಾ ಹೋಗಿ ಬರುವುದು ಆಗಹೋಗುವ ಮಾತಲ್ಲ. ಒಬ್ಬನನ್ನು ಬಿಟ್ಟು ಬರಲು ಮನೆಯ ಮತ್ತೊಬ್ಬರು ಕೂಲಿ ಬಿಡಬೇಕು.

ಎಣಿಕೆ ಬಾರದಿದ್ದರೂ ಕೆಲಸ ಬರುತ್ತದೆ

‘ಅವಂಗ ಹತ್ತರ ತನಕ ಎಣಸಾಕ ಬರೂದಿಲ್ಲ, ಏನ್ ಕೆಲಸ ಮಾಡ್ತಾನ?’ ಎನ್ನುವವರೇ ಹೆಚ್ಚು. 1984ರಲ್ಲಿ ಸಿಕಂದರಾಬಾದಿನಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆಯಿಂದ ಹಿಡಿದು ಊರ ಕಾರ್ಯಶಾಲೆಗಳವರೆಗೆ ಇದಕ್ಕೊಂದು ಸರಳ ಉಪಾಯ ಬಳಕೆಯಲ್ಲಿದೆ. ಹಲಗೆಗೆ ಹತ್ತು ತೂತು ಕೊರೆದು ಕೊಡುತ್ತಾರೆ. ಒಂದೊಂದು ತೂತಿಗೆ ಒಂದೊಂದು ಮೇಣದಬತ್ತಿ. ಎಲ್ಲ ತೂತು ತುಂಬಿದವೋ, ಹತ್ತಾಯಿತು. ಎತ್ತಿ ಪಾಕೀಟಿಗೆ ಹಾಕಿದರಾಯಿತು.

ಪೂರಾ ಕೆಲಸವನ್ನು ಒಮ್ಮೆಲೇ ಹೇಳಿಕೊಡುವುದಿಲ್ಲ. ಕಾಗದದ ಚೀಲ ಮಾಡುವುದಿದ್ದರೆ ಮಡಚುವುದು ಒಂದು ಮೆಟ್ಟಿಲು, ಅಂಟು ಹಚ್ಚುವುದು ಇನ್ನೊಂದು, ಒಣಗಲು ಇಡುವುದು ಮತ್ತೊಂದು. ಒಂದು ಕೈಗೆ ಹತ್ತುವವರೆಗೆ ಮುಂದಿನದಕ್ಕೆ ಹೋಗುವ ಹಾಗಿಲ್ಲ. ಕಲಿಯಲು ತಿಂಗಳುಗಳೇ ಬೇಕಾದೀತು. ಆದರೆ ಒಮ್ಮೆ ಕೂತ ಕೆಲಸವನ್ನು ಬೇಸರವಿಲ್ಲದೆ, ಅದೇ ಕ್ರಮದಲ್ಲಿ ಮಾಡುವವರು ಇವರಲ್ಲಿ ಬಹಳ ಮಂದಿ.

ಈ ಹಲಗೆಯ ಲೆಕ್ಕ ಆಜರಾಕ್ಕೆ ಚೆನ್ನಾಗಿ ಒಗ್ಗುವಂಥದ್ದು. ಇದು ಗೋಡಂಬಿಯ ಸೀಮೆ. ಸಿಪ್ಪೆ ಒಡೆಯುವ ಕೆಲಸ ಇವರಿಗೆ ಬೇಡವೇ ಬೇಡ. ಅದರ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಆದರೆ ಒಡೆದು ಸುಲಿದ ಬೀಜದಲ್ಲಿ ಇಡಿ, ಸೀಳು, ಚೂರು ಎಂದು ಬೇರೆ ಮಾಡುವುದು ಕಣ್ಣಿನ ಕೆಲಸ. ಮುಂದೆ ಮೂರು ತಟ್ಟೆ, ಒಂದೊಂದರಲ್ಲಿ ಒಂದು ಮಾದರಿ ಬೀಜ ಇಟ್ಟರೆ ಅಕ್ಷರ ಬೇಕಿಲ್ಲ. ಇಚಲಕರಂಜಿಯಲ್ಲಿ ಮಗ್ಗದ ಹತ್ತಿರ ನಿಲ್ಲಿಸುವುದು ಅಪಾಯ, ಬಟ್ಟೆ ಮಡಚಿ ಕಟ್ಟುವುದು ಅಲ್ಲ. ಧನಿಗಳು ಮನಸ್ಸು ಮಾಡಬೇಕಷ್ಟೆ. ಮಾಡಿದವರು ಚಾ-ತಿಂಡಿ ಕೊಟ್ಟು ಬೆನ್ನು ತಟ್ಟಿದರೆ ಸಾಲದು, ಪಗಾರ ಕೊಡಬೇಕು. ದೀಪಾವಳಿಗೆ ಕನಿಕರಪಟ್ಟು ನಾಲ್ಕು ಹಣತೆ ಕೊಳ್ಳುವುದರಿಂದ ವರ್ಷದ ಹೊಟ್ಟೆ ತುಂಬುವುದಿಲ್ಲ.

ಮನೆಯಲ್ಲಿ ಕನ್ನಡ, ಕಾರ್ಯಶಾಲೆಯಲ್ಲಿ ಮರಾಠಿ

ಗಡಹಿಂಗ್ಲಜ ಸೀಮೆಯ ಕನ್ನಡ ಮನೆಗಳಿಗೆ ಇನ್ನೊಂದು ತೊಡಕು. ಮನೆಯಲ್ಲಿ ‘ತಗೋ, ಇಡು, ಮಡಚು’ ಕೇಳಿ ಬೆಳೆದವನಿಗೆ ಕಾರ್ಯಶಾಲೆಯಲ್ಲಿ ಅದೇ ಮಾತು ಮರಾಠಿಯಲ್ಲಿ ಬರುತ್ತದೆ. ಗೊತ್ತಿದ್ದ ಕೆಲಸಕ್ಕೂ ಸುಮ್ಮನೆ ನಿಲ್ಲುತ್ತಾನೆ. ಬುದ್ಧಿ ಪರೀಕ್ಷೆಯಲ್ಲೂ ಅಷ್ಟೆ: ಪ್ರಶ್ನೆ ತಿಳಿಯದ್ದು ದಡ್ಡತನದ ಲೆಕ್ಕಕ್ಕೆ ಬಿದ್ದೀತು. ನೆನಪಿಡಬೇಕಾದ ಸಂಗತಿ ಎಂದರೆ, ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದ್ದೇ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ಬಂದದ್ದು ಹಾಗೆ. ಎಂದ ಮೇಲೆ ‘ಹುಡುಗಂಗ ಕನ್ನಡದಾಗ ಕೇಳ್ರಿ’ ಎನ್ನಲು ಪಾಲಕರು ಸಂಕೋಚಪಡಬೇಕಿಲ್ಲ. ಕಾರ್ಯಶಾಲೆಯವರಿಗೂ ಮನೆಯಲ್ಲಿ ಬಳಸುವ ಹತ್ತಿಪ್ಪತ್ತು ಮಾತುಗಳನ್ನು ಬರೆದು ಕೊಟ್ಟರೆ ಅರ್ಧ ತೊಡಕು ಕಳೆಯುತ್ತದೆ.

ಸಾತಬಾರಾಕ್ಕೂ ಸಂಬಂಧವುಂಟು

ಹದಿನೆಂಟು ತುಂಬಿದ ಮೇಲೆ ತಾಯಿ-ತಂದೆ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಬ್ಯಾಂಕ್ ಖಾತೆ, ಸಾತಬಾರಾ ಉತಾರದ ಮೇಲಿನ ಹೆಸರು, ಇಂಥ ಕಡೆ ಇದು ಅಡ್ಡ ಬರುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಾನಿಕ ಸಮಿತಿಗೆ ಅರ್ಜಿ ಕೊಟ್ಟು ಪಾಲಕತ್ವ ಪಡೆಯಬೇಕು. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ.

ಅಂಗವಿಕಲರ ಯುಡಿಐಡಿ ಕಾರ್ಡು ದೇಶದ ತುಂಬ ನಡೆಯುತ್ತದೆ. ಮಾಸಾಶನ ಹಾಗಲ್ಲ. ಸಂಜಯ ಗಾಂಧಿ ನಿರಾಧಾರ ಯೋಜನೆಗೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದ ಪುರಾವೆ ಬೇಕು. ಸಂಕೇಶ್ವರ, ಹುಕ್ಕೇರಿ ಕಡೆಯಿಂದ ಇತ್ತೀಚೆಗೆ ಬಂದು ನೆಲೆಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ನೌಕರಿ ಮೀಸಲಾತಿಯ ಕಥೆ ಬೇರೆ. 1995ರ ಕಾಯ್ದೆಯ ಶೇ. 3ರಲ್ಲಿ ಬುದ್ಧಿಮಾಂದ್ಯರಿಗೆ ಪಾಲೇ ಇರಲಿಲ್ಲ. 2016ರ ಕಾಯ್ದೆ ಅದನ್ನು ಶೇ. 4ಕ್ಕೇರಿಸಿ, ಶೇ. 1ರಲ್ಲಿ ಇವರನ್ನೂ ಸೇರಿಸಿತು.

ಕಾರ್ಯಶಾಲೆಗೆ ಸೇರಿಸುವಾಗ ಓದು-ಬರಹಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಬೇರೆ. ಪಾಯಖಾನೆಗೆ ತಾನೇ ಹೋಗುತ್ತಾನೆಯೇ? ಅರ್ಧ ತಾಸು ಒಂದೇ ಕಡೆ ಕೂರುತ್ತಾನೆಯೇ? ಉಂಡ ತಟ್ಟೆ ತೊಳೆದು ಇಡುತ್ತಾನೆಯೇ? ಇದಕ್ಕೆ ಕೊಲ್ಲಾಪುರದ ಬಸ್ಸು ಹತ್ತಬೇಕಿಲ್ಲ. ಅಡುಗೆಮನೆಯಲ್ಲಿ, ಅವ್ವನ ಕನ್ನಡದಲ್ಲಿ, ಇವತ್ತೇ ಶುರು ಮಾಡಬಹುದು.