ನಿಮಗಿದು ಗೊತ್ತೆ? ಮೂಗಿನೊಳಗೊಂದು ‘ಸ್ಟ್ರಾಬೆರಿ’

ದನ, ಜನ ಒಟ್ಟಿಗೇ ಇಳಿಯುವ ನಿಂತ ನೀರಿನ ಕೆರೆ-ಹೊಂಡಗಳ ಜೊತೆ ತಳಕು ಹಾಕಿಕೊಂಡ ಕಾಯಿಲೆಯೊಂದಿದೆ: ರೈನೋಸ್ಪೊರಿಡಿಯೋಸಿಸ್. ಮೂಗಿನ ಹೊಳ್ಳೆಯಲ್ಲಿ ಸ್ಟ್ರಾಬೆರಿಯಂಥ ಕೆಂಪು ಗಡ್ಡೆ, ಅದರ ಮೈತುಂಬ ಬಿಳಿ ಚುಕ್ಕಿ, ಮುಟ್ಟಿದರೆ ನೆತ್ತರು. 1900ರಲ್ಲಿ ಇದನ್ನು ವಿವರಿಸಿದವರು ಅರ್ಜೆಂಟೀನಾದ ಗಿಲ್ಯೆರ್ಮೊ ಸೀಬರ್; ಹೆಚ್ಚು ಕಾಣುವುದು ಮಾತ್ರ ಭಾರತ, ಶ್ರೀಲಂಕಾಗಳಲ್ಲಿ. ಬಹುಕಾಲ ಶಿಲೀಂಧ್ರವೆಂದೇ ನಂಬಿದ್ದ ಈ ರೋಗಕಾರಕ ಜೀವಿ ಅದಲ್ಲವೆಂದು ವಂಶವಾಹಿ ಪರೀಕ್ಷೆ ತೋರಿಸಿತು.

ದೊಡ್ಡವರಲ್ಲಿ ಒಂದೇ ಹೊಳ್ಳೆ ಕಟ್ಟಿ ರಕ್ತ ಬಂದರೆ ದಯವಿಟ್ಟು ಸುಮ್ಮನಿರಬೇಡಿ. ಕ್ಯಾನ್ಸರ್ ಅಲ್ಲವೆಂದು ಖಚಿತವಾಗಬೇಕು. ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಬೀಜಕಣ ತುಂಬಿದ ಚೀಲಗಳು ಕಂಡರೆ ರೋಗ ಇದೇ. ಗಡ್ಡೆ ಕತ್ತರಿಸಿ ಬುಡ ಸುಡುತ್ತಾರೆ. ಮರುಕಳಿಸದಂತೆ ಡ್ಯಾಪ್ಸೋನ್ ಮಾತ್ರೆ ಕೊಡುವುದೂ ಉಂಟು.