ಮಡಿಲಿಗೆ ಮಗು, ಕಾಲಿಗೆ ಪ್ರವಾಸ: ನಿಮಗಿದು ಗೊತ್ತೇ?

◆ ಆನವಟ್ಟಿ ಮಗ್ಗುಲಿನ ಕುಬಟೂರೇ ಚಂದ್ರಹಾಸನ ಕುಂತಳನಗರ ಅನ್ನುತ್ತದೆ ಸ್ಥಳಪುರಾಣ. ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೂ ಯಕ್ಷಗಾನದಲ್ಲಿ ಚಂದ್ರಹಾಸನನ್ನು ಕಂಡವರಿಗೂ ಕಥೆ ಗೊತ್ತು. ಕೇರಳದ ಅರಸನ ಮಗು ತಬ್ಬಲಿಯಾಗುತ್ತದೆ. ದಾದಿ ಅದನ್ನೆತ್ತಿಕೊಂಡು ಗಡಿ ದಾಟಿ ಕುಂತಳಕ್ಕೆ ಬರುತ್ತಾಳೆ. ಅವಳೂ ತೀರಿಕೊಂಡ ಮೇಲೆ ಮಂತ್ರಿ ದುಷ್ಟಬುದ್ಧಿ ಹುಡುಗನನ್ನು ಕಟುಕರ ಕೈಗೆ ಒಪ್ಪಿಸುತ್ತಾನೆ. ಕಟುಕರ ಮನ ಕರಗಿ, ಕಾಲಿನ ಆರನೇ ಬೆರಳನ್ನಷ್ಟೇ ಗುರುತಿಗೆ ಕತ್ತರಿಸಿಕೊಂಡು ಹೋಗುತ್ತಾರೆ. ಕಾಡಿನಲ್ಲಿ ಸಿಕ್ಕ ಅವನನ್ನು ಮಕ್ಕಳಿಲ್ಲದ ಕುಳಿಂದ ಮನೆಗೆ ಕರೆತಂದು ಮಗನೆಂದು ಸಾಕಿದ. ಒಂದು ನಾಡಿನ ಮಗು ಇನ್ನೊಂದು ನಾಡಿನ ಮಡಿಲಿಗೆ ಬಂದ ಕಥೆ ಇದು. ಕುಳಿಂದ ಯಾರ ಅನುಮತಿಯನ್ನೂ ಕೇಳಬೇಕಿರಲಿಲ್ಲ. ಈಗಿನ ಕುಳಿಂದರಿಗೆ ಅಷ್ಟು ಸಲೀಸಲ್ಲ.

◆ ನಮ್ಮ ದೇಶದ ಮಕ್ಕಳನ್ನು ಹೊರದೇಶಕ್ಕೆ ದತ್ತು ಕೊಡುವುದಕ್ಕೆ ಮೊದಲು ಗಟ್ಟಿಯಾದ ಕಟ್ಟಳೆ ಬಂದದ್ದು ಒಂದು ಪತ್ರದಿಂದ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಬರೆದ ದೂರಿನ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಳ್ಳಲಾಯಿತು. 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ ನಿಯಮಗಳನ್ನು ಹಾಕಿಕೊಟ್ಟಿತು. ಅದರ ಫಲವಾಗಿ 1990ರಲ್ಲಿ ಹುಟ್ಟಿದ ಸಂಸ್ಥೆಯೇ ‘ಕಾರಾ’, ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ.

◆ ಅಂತರದೇಶೀಯ ದತ್ತಿನ ಹೇಗ್ ಒಪ್ಪಂದ 1993ರದು. ಭಾರತ ಅದನ್ನು ಅನುಮೋದಿಸಿದ್ದು 2003ರಲ್ಲಿ.

◆ ಸೊರಬದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ದಂಪತಿಗೆ ಊರ ಕಡೆಯ ಮಗುವೇ ಬೇಕು ಅನ್ನಿಸಿತು ಅನ್ನಿ. ಕಾನೂನು ಅವರ ಕಡೆಗೆ ತುಸು ವಾಲುತ್ತದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹೊರದೇಶಕ್ಕೆ ಮಗುವನ್ನು ಕೊಡುವಾಗ ಅನಿವಾಸಿ ಭಾರತೀಯರಿಗೆ ಮತ್ತು ಭಾರತೀಯ ಮೂಲದವರಿಗೆ ಮೊದಲ ಮಣೆ. ಆದರೆ ಜಿಲ್ಲೆ, ಜಾತಿ, ಬಣ್ಣ ಹೇಳಿ ಆರಿಸಿಕೊಳ್ಳುವ ಬಜಾರ್ ಇದಲ್ಲ. ಅವರಿರುವ ದೇಶದ ಮಾನ್ಯ ಸಂಸ್ಥೆ ಮನೆಗೆ ಬಂದು ಸಂಬಳ, ಆರೋಗ್ಯ, ಸ್ವಭಾವ ಎಲ್ಲವನ್ನೂ ನೋಡಿ ವರದಿ ಬರೆಯಬೇಕು. ಮದುವೆಗೆ ಹೆಣ್ಣು ಗಂಡು ನೋಡುವಾಗಲೂ ಇಷ್ಟು ವಿಚಾರಿಸುವುದಿಲ್ಲ!

◆ ವಿದೇಶಿಯರ ಸರದಿ ಬರುವುದು ಯಾವಾಗ? ಮಗು ಕಾನೂನಿನ ಪ್ರಕಾರ ದತ್ತಿಗೆ ಮುಕ್ತವೆಂದು ಘೋಷಣೆಯಾದ ಮೇಲೆ 60 ದಿನ ಭಾರತೀಯ ಇಲ್ಲವೇ ಅನಿವಾಸಿ ಭಾರತೀಯ ಅಪ್ಪ ಅಮ್ಮನನ್ನೇ ಹುಡುಕಬೇಕು. ಸಿಗದಿದ್ದರೆ ಮಾತ್ರ ಹೊರಗಿನವರು. ಅಂಗವಿಕಲ ಮಕ್ಕಳು, ದೊಡ್ಡ ಮಕ್ಕಳು, ಬೇರೆ ಮಾಡಲಾಗದ ಒಡಹುಟ್ಟಿದವರು ಹೆಚ್ಚಾಗಿ ಹೀಗೆ ಸಮುದ್ರ ದಾಟುತ್ತಾರೆ. ನಮ್ಮವರು ಬೇಡವೆಂದ ಮಗುವನ್ನು ಹುಡುಕಿಕೊಂಡು ದೂರದ ದೇಶದ ಟೀಚರೊಬ್ಬರು ಬರುತ್ತಾರಲ್ಲ, ಅದನ್ನು ‘ವಿದೇಶಿ ಮೋಹ’ ಎಂದು ಮೂಗು ಮುರಿಯುವವರು ಒಮ್ಮೆ ಈ ಸಾಲನ್ನು ಓದಲಿ.

◆ ದತ್ತಿನ ಆದೇಶವನ್ನು ಈಗ ಕೊಡುವವರು ನ್ಯಾಯಾಧೀಶರಲ್ಲ, ಜಿಲ್ಲಾಧಿಕಾರಿ. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಮಗುವಿನ ವಯಸ್ಸು, ತಿಳಿವಳಿಕೆ ನೋಡಿ ಅದರ ಇಷ್ಟವನ್ನೂ ಕೇಳಬೇಕು.

◆ ಒಂಟಿ ಹೆಂಗಸು ಗಂಡು ಮಗುವನ್ನಾಗಲಿ ಹೆಣ್ಣು ಮಗುವನ್ನಾಗಲಿ ದತ್ತು ಪಡೆಯಬಹುದು. ಬಾಲನ್ಯಾಯ ಕಾಯ್ದೆಯಡಿ ಒಂಟಿ ಗಂಡಸಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ.

◆ ಪಾರ್ಸೆಲ್ ಕಳಿಸಿದ ಹಾಗೆ ಮಗುವನ್ನು ವಿಮಾನದಲ್ಲಿ ಕಳಿಸಿಕೊಡುವ ಕಾಲ ಹೋಯಿತು. ತಂದೆ ತಾಯಿ ತಾವೇ ಬಂದು ಎತ್ತಿಕೊಳ್ಳಬೇಕು. ಆದೇಶ, ಹೊಸ ಅಪ್ಪ ಅಮ್ಮನ ಹೆಸರಿರುವ ಜನನ ಪ್ರಮಾಣಪತ್ರ, ಭಾರತೀಯ ಪಾಸ್‌ಪೋರ್ಟ್, ಆಮೇಲೆ ಆ ದೇಶದ ವೀಸಾ. ಈ ಕಾಗದಗಳ ನಡುವಿನ ಬಿಡುವಿನಲ್ಲೇ ಅನೇಕ ಕುಟುಂಬಗಳ ಮೊದಲ ಪ್ರವಾಸ ನಡೆದುಬಿಡುತ್ತದೆ. ಮಗುವಿಗೆ ಇನ್ನೂ ಇವರು ಅಪರಿಚಿತರು, ಇವರಿಗೆ ದೇಶವೇ ಅಪರಿಚಿತ.

◆ ಇದರ ಅತಿ ದೊಡ್ಡ ಉದಾಹರಣೆ ಚೀನಾದ ಗುವಾಂಗ್‌ಝೌ. ಚೀನಾದ ಮಗುವನ್ನು ದತ್ತು ಪಡೆದ ಅಮೆರಿಕದ ಕುಟುಂಬಗಳು ವೀಸಾಕ್ಕಾಗಿ ಅಲ್ಲಿನ ಕಾನ್ಸುಲೇಟಿಗೇ ಬರಬೇಕಿತ್ತು. ಶಾಮಿಯಾನ್ ದ್ವೀಪದ ವೈಟ್ ಸ್ವಾನ್ ಹೋಟೆಲಿನ ತುಂಬ ಕೂಸುಗಳು, ಕೈಗಾಡಿಗಳು. ಲಾಬಿಯ ಕೆಂಪು ಸೋಫಾದ ಮೇಲೆ ಕೂಸುಗಳನ್ನು ಸಾಲಾಗಿ ಕೂರಿಸಿ ಫೋಟೊ ತೆಗೆಯುವುದು ಒಂದು ಶಾಸ್ತ್ರವೇ ಆಗಿಹೋಗಿತ್ತು. ಗೊಂಬೆ ಕಂಪನಿ ಮ್ಯಾಟೆಲ್, ಚೀನೀ ಕೂಸನ್ನು ಎತ್ತಿಕೊಂಡ ಬಾರ್ಬಿಯನ್ನು ಅಲ್ಲಿ ತಂಗಿದ ಕುಟುಂಬಗಳಿಗೆಂದೇ ಮಾಡಿಸಿ ಉಚಿತವಾಗಿ ಹಂಚಿತು. ವಿದೇಶಿಯರಿಗೆ ದತ್ತು ಕೊಡಲು 1992ರಲ್ಲಿ ತೆರೆದ ಈ ಬಾಗಿಲನ್ನು ಚೀನಾ 2024ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು.

◆ ರಷ್ಯಾ ಅಮೆರಿಕದವರಿಗೆ ಬಾಗಿಲು ಹಾಕಿದ್ದು 2013ರಲ್ಲಿ. ಇಥಿಯೋಪಿಯ ಎಲ್ಲ ವಿದೇಶಿಯರಿಗೂ ಹಾಕಿದ್ದು 2018ರಲ್ಲಿ.

◆ ಕೊರಿಯಾ ಯುದ್ಧದ ಅನಾಥರಲ್ಲಿ ಎಂಟು ಮಕ್ಕಳನ್ನು ಅಮೆರಿಕದ ಹೋಲ್ಟ್ ದಂಪತಿ 1955ರಲ್ಲಿ ಒಟ್ಟಿಗೇ ದತ್ತು ಪಡೆದರು. ಅಲ್ಲಿಂದ ಶುರುವಾದ ಹರಿವಿನಲ್ಲಿ ಸುಮಾರು ಎರಡು ಲಕ್ಷ ಕೊರಿಯನ್ ಮಕ್ಕಳು ಹೊರನಾಡು ಸೇರಿದರು. ಹೆತ್ತವರಿದ್ದೂ ಅನಾಥರೆಂದು ದಾಖಲೆ ಬರೆದ ಪ್ರಕರಣಗಳು ನಡೆದಿವೆ ಎಂದು ಆ ದೇಶದ ಸತ್ಯಶೋಧನಾ ಆಯೋಗವೇ 2025ರ ಮಾರ್ಚ್‌ನಲ್ಲಿ ಹೇಳಿತು. ಕಾಗದಪತ್ರಕ್ಕೆ ಇಷ್ಟೇಕೆ ತಲೆಬಿಸಿ ಅನ್ನುವವರಿಗೆ ಉತ್ತರ ಇಲ್ಲಿದೆ.

◆ ದತ್ತು ಮಕ್ಕಳೇ ಪ್ರವಾಸಿಗರಿಗೆ ನೋಟವಾದದ್ದೂ ಉಂಟು. ನರ್ತಕಿ ಜೋಸೆಫಿನ್ ಬೇಕರ್ ಬೇರೆಬೇರೆ ನಾಡುಗಳ 12 ಮಕ್ಕಳನ್ನು ದತ್ತು ಪಡೆದು ಫ್ರಾನ್ಸಿನ ಮಿಲಾಂಡ್ ಕೋಟೆಮನೆಯಲ್ಲಿ ಸಾಕಿದರು. ಜನ ದುಡ್ಡು ಕೊಟ್ಟು ಬಂದು ಆ ಮಕ್ಕಳು ಆಡುವುದನ್ನು ನೋಡುತ್ತಿದ್ದರು. ಉದ್ದೇಶ ದೊಡ್ಡದು, ಏರ್ಪಾಡು ನನಗಂತೂ ಒಗ್ಗದು.

◆ ಇಲ್ಲಿಂದ ಹೊರಟು ಬೇರೆ ದೇಶದ ಮಗುವನ್ನು ತರಬಹುದೇ? ತರಬಹುದು. ಅದಕ್ಕೂ ‘ಕಾರಾ’ದ ಒಪ್ಪಿಗೆ ಬೇಕು, ಆ ದೇಶದ ಕಾನೂನೂ ಒಪ್ಪಬೇಕು.

◆ ದತ್ತಕಹೋಮ ಮಾಡದಿದ್ದರೆ ದತ್ತು ಊರ್ಜಿತವಲ್ಲ ಎಂದು ಈಗಲೂ ವಾದಿಸುವ ಹಿರಿಯರಿದ್ದಾರೆ. 1956ರ ಹಿಂದೂ ದತ್ತಕ ಕಾಯ್ದೆ ಹೋಮ ಕಡ್ಡಾಯವಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಊರ್ಜಿತವಾದ ದತ್ತನ್ನು ಆಮೇಲೆ ರದ್ದು ಮಾಡಲು ಬರುವುದಿಲ್ಲ ಎಂದೂ ಹೇಳಿದೆ.

◆ ನಮ್ಮ ಸೀಮೆಯನ್ನೇ ಆಳಿದ ಕೆಳದಿಯ ಚೆನ್ನಮ್ಮನಿಗೆ ಮಕ್ಕಳಿರಲಿಲ್ಲ. ಬಸಪ್ಪನಾಯಕನನ್ನು ದತ್ತು ತೆಗೆದುಕೊಂಡಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರು ಹಾಕಿಕೊಂಡ ಗಟ್ಟಿಗಿತ್ತಿ ಇವಳೇ. ದತ್ತುಮಗ ಪಟ್ಟವನ್ನಷ್ಟೇ ಏರಲಿಲ್ಲ, 1709ರಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶವನ್ನೂ ಬರೆದ. ‘ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ’ ಎಂದು ಕೊಂಕು ನುಡಿಯುವವರಿಗೆ ಈ ಹೆಸರು ಸಾಕು.

◆ ಕಿತ್ತೂರಿನಲ್ಲಿ 1824ರ ಕಾಳಗಕ್ಕೆ ಕಿಡಿ ಹಾಕಿದ್ದು ದತ್ತುಮಗನನ್ನು ಬ್ರಿಟಿಷರು ಒಪ್ಪದ್ದು. ಮೈಸೂರಿನ ಮುಮ್ಮಡಿ ಕೃಷ್ಣರಾಜರು 1865ರಲ್ಲಿ ಪಡೆದ ದತ್ತನ್ನು ಅದೇ ಬ್ರಿಟಿಷರು ಎರಡು ವರ್ಷ ಬಿಟ್ಟು ಒಪ್ಪಿಕೊಂಡರು.

◆ ಕರ್ನಾಟಕದ ಮಗುವನ್ನು ಕರೆದೊಯ್ಯಲು ಬಂದವರಿಗೆ ಮೈಸೂರು, ಹಂಪಿ ತೋರಿಸಿ ಕಳಿಸುವುದು ವಾಡಿಕೆ. ಆನವಟ್ಟಿ ಕಡೆ ಒಂದು ದಿನ ಕೊಟ್ಟರೆ ನಷ್ಟವಿಲ್ಲ. ಕೋಟಿಪುರದ ಕೈಟಭೇಶ್ವರ ಗುಡಿ ಕ್ರಿ.ಶ. 1100ರ ಸುಮಾರಿನದು, ಹೊಯ್ಸಳರು ಇನ್ನೂ ಚಾಲುಕ್ಯರ ಸಾಮಂತರಾಗಿದ್ದಾಗಿನ ಕೆಲಸ. ಕಡೆದ ಕಂಬಗಳ ನಡುವೆ ಮಕ್ಕಳು ಕಣ್ಣಾಮುಚ್ಚಾಲೆ ಆಡಿದರೆ ಗದರುವವರು ಕಡಿಮೆ. ಅಲ್ಲಿಂದ ಅಲ್ಲಮನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ. ಮಳೆಗಾಲವಾದರೆ ಗುಡವಿ ಪಕ್ಷಿಧಾಮ. ಮರದ ತುಂಬ ಗೂಡು ಕಟ್ಟಿದ ಹಕ್ಕಿಗಳನ್ನು ನೋಡಲು ಕೂಸಿಗೆ ಯಾವ ಭಾಷೆಯೂ ಬೇಕಿಲ್ಲ.

◆ ಅದೇ ಸೀಮೆಯ ತಾಳಗುಂದದ ಕಂಬದ ಶಾಸನವೂ ಒಂದು ಕುಟುಂಬದ ದೂರಪ್ರಯಾಣವನ್ನೇ ಹೇಳುತ್ತದೆ. ಮಯೂರಶರ್ಮ ಓದಲೆಂದು ಕಂಚಿಗೆ ಹೋದದ್ದು ಒಬ್ಬನೇ ಅಲ್ಲ, ಅಜ್ಜ ವೀರಶರ್ಮನ ಜೊತೆ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಓದು ಬಿಟ್ಟು ಕತ್ತಿ ಹಿಡಿದ. ಕದಂಬ ರಾಜ್ಯ ಹುಟ್ಟಿತು.

◆ ಮಗು ಹೊರದೇಶ ಸೇರಿದ ಮೇಲೂ ಎರಡು ವರ್ಷ ಅದರ ಯೋಗಕ್ಷೇಮದ ವರದಿ ಭಾರತಕ್ಕೆ ಬರುತ್ತಿರಬೇಕು. ದೊಡ್ಡವರಾದ ಮೇಲೆ ಬೇರು ಹುಡುಕಿ ಬರುವವರಿಗೂ ನಿಯಮಗಳಲ್ಲಿ ದಾರಿಯಿದೆ. ಖಂಡ್ವಾದ ಬಾಲಕ ಸರೂ 1986ರಲ್ಲಿ ರೈಲಿನಲ್ಲಿ ಕಳೆದುಹೋಗಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ಸೇರಿದ್ದ. ಗೂಗಲ್ ಅರ್ತ್‌ನಲ್ಲಿ ನೆನಪಿನ ನೀರಿನ ಟ್ಯಾಂಕು, ಸೇತುವೆ ಹುಡುಕಿ 2012ರಲ್ಲಿ ಹೆತ್ತ ತಾಯಿಯ ಮುಂದೆ ನಿಂತ. ‘ಲಯನ್’ ಸಿನಿಮಾ ಅವನ ಕಥೆಯೇ.

◆ ಕೊನೆಯದು, ನಮಗೆಲ್ಲ ಸಂಬಂಧಿಸಿದ್ದು. ಬಸ್‌ಸ್ಟ್ಯಾಂಡಿನಲ್ಲೋ ಗುಡಿಯ ಕಟ್ಟೆಯಲ್ಲೋ ದಿಕ್ಕಿಲ್ಲದ ಕೂಸು ಸಿಕ್ಕರೆ ಕುಳಿಂದನ ಹಾಗೆ ಮನೆಗೊಯ್ದು ಸಾಕಿಕೊಳ್ಳುವಂತಿಲ್ಲ, ಗೊತ್ತಿದ್ದವರಿಗೆ ಕೊಡುವಂತೆಯೂ ಇಲ್ಲ. 24 ಗಂಟೆಯೊಳಗೆ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆಯಾಗಬಹುದು. ಮಗುವನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ. ಸಹಾಯವಾಣಿಗೆ ಕರೆ ಉಚಿತ, ಫೋನಿನಲ್ಲಿ ಈಗಲೇ ಉಳಿಸಿಕೊಳ್ಳಿ: 1098.